ನಾನು ತರ್ಜುಮೆ ಮಾಡಿದ ಅಳು

ಕೋರ್ಟಿನ ತರ್ಜುಮೆ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ಕಳೆದ ತಿಂಗಳು ನನ್ನನ್ನು ನೋಡಲು ಬಂದಿದ್ದರು. ಯಾವ ಶಬ್ದಕೋಶ ಕೊಳ್ಳಬೇಕು ಎಂದು ಕೇಳಿದರು. ನನಗೆ ತಿಳಿದದ್ದು ಹೇಳಿದೆ. ಬರೆದುಕೊಂಡು, ಚಹಾ ಕುಡಿದು ಹೋದರು. ಅವರು ಗೇಟು ದಾಟಿದ ಮೇಲೆ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕಳಿಸಿದೆನಲ್ಲ ಅನ್ನಿಸಿತು. ನನ್ನ ಕೈಯಲ್ಲೂ ಒಳ್ಳೆಯ ಶಬ್ದಕೋಶವಿತ್ತು. ಅದರಲ್ಲಿ ‘ಕ್ರೈ’ ಎಂಬ ಸಣ್ಣ ಇಂಗ್ಲಿಷ್ ಕ್ರಿಯಾಪದಕ್ಕೆ ಒಂದು ಅಂಕಣದಷ್ಟು ಅರ್ಥಗಳಿದ್ದವು. ಅಳುವುದು, ಕೂಗುವುದು, ಊರಿಗೆಲ್ಲ ಸಾರುವುದು, ಮೊರೆಯಿಡುವುದು, ಹಕ್ಕಿ ಪ್ರಾಣಿಗಳು ದನಿ ಮಾಡುವುದು. ಅಷ್ಟನ್ನೂ ಬಲ್ಲ ನಾನು ಒಬ್ಬ ತಾಯಿಯ ಮಗುವನ್ನು ಅವಳ ಕೈಯಿಂದ ತಪ್ಪಿಸುವ ಅಂಚಿಗೆ ಹೋಗಿದ್ದೆ. ಅದು ತಪ್ಪಿತು. ತಪ್ಪಿದ್ದರಿಂದಲೇ ಇದನ್ನು ಹಗುರ ಮನಸ್ಸಿನಿಂದ ಬರೆಯಲು ಸಾಧ್ಯವಾಗಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿಯನ್ನು ನಾನು ಗೆಳೆಯರ ಮುಂದೆ ಹಲವು ಸಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದರಲ್ಲಿ ನಾನು ಜಾಣನಾಗುತ್ತ ಹೋಗಿದ್ದೇನೆ. ಬರೆಯಲು ಕೂರುವ ಮುಂಚೆ ಆಗಿನ ದಿನಚರಿಗಳನ್ನು ತೆಗೆದು ನೋಡಿದೆ. ಎರಡು ಕಡೆ ನೆನಪು ಮತ್ತು ದಿನಚರಿ ಹೊಂದುವುದಿಲ್ಲ. ಅಂಥಲ್ಲಿ ದಿನಚರಿಯನ್ನೇ ನಂಬಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಊರುಗಳಲ್ಲಿ ನಾನು ಕೆಲಸ ಮಾಡಿದವನು. ಮೊಕದ್ದಮೆ ಯಾವ ಊರಿನಲ್ಲಿ ನಡೆಯಿತು ಎಂದು ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ.

ನಾನು ಹುಲಗೋಳದ ಕಡೆಯವನು. ಧಾರವಾಡದಲ್ಲಿ ಇಂಗ್ಲಿಷ್ ಓದಿ ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿದ್ದು ರಾಜ್ಯಗಳು ಬದಲಾದ ಮರುವರ್ಷ. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿತ್ತು. ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಒಳಗಿನ ಫಾರ್ಮುಗಳು ಬದಲಾಗಲಿಲ್ಲ. ಹಳೆಯ ಫಾರ್ಮುಗಳಲ್ಲಿ ‘ಮುಂಬಯಿ’ ಎಂದಿದ್ದಲ್ಲಿ ಮಸಿಯಿಂದ ಗೆರೆ ಹೊಡೆದು ಬಹಳ ಕಾಲ ಅವನ್ನೇ ಬಳಸಿದೆವು. ಸಾಹೇಬರೂ ಹಳೆಯವರೇ. ರತ್ನಾಗಿರಿ ಕಡೆಯವರು, ಮನೆಮಾತು ಮರಾಠಿ. ಅವರಿಗೆ ಕನ್ನಡ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಅರ್ಥವಾಗದ ಕಾಲು ಪಾಲು ಯಾವುದು ಎಂಬುದು ಮಾತ್ರ ಅವರಿಗೂ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯುತ್ತಿರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಗುಮಾಸ್ತ ಕನ್ನಡದಲ್ಲೇ ಬರೆದುಕೊಳ್ಳುವುದು. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸುವುದು. ಆಮೇಲೆ ಆ ಹಾಳೆ ನನ್ನ ಮೇಜಿಗೆ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಟೈಪು ಮಾಡಿ, ಕೆಳಗೆ ಸಹಿ ಹಾಕಿ ಕೊಡಬೇಕು. ಸಾಹೇಬರು ತೀರ್ಪು ಬರೆಯಲು ಕೂತಾಗ ಎದುರಿಗಿಟ್ಟುಕೊಳ್ಳುತ್ತಿದ್ದದ್ದು ನನ್ನ ಹಾಳೆ.

ಈ ಕೆಲಸ ಕಲಿಸಿದವರು ಶಿರಸ್ತೇದಾರ ಪೈಗಳು. ಕುಮಟೆಯವರು. ಮೂಗಿಗೆ ನಶ್ಯ ಏರಿಸಿ, ಕರವಸ್ತ್ರ ಕೊಡವಿ, ಮೊದಲ ದಿನವೇ ಹೇಳಿದರು.

“ಹೆಗಡೇರೆ, ಸಾಹೇಬ್ರಿಗೆ ಕತೆ ಬೇಡ ಮಾರಾಯ್ರೆ. ಯಾರು, ಎಲ್ಲಿ, ಯಾವಾಗ, ಎಂತ ಮಾಡಿದ್ರು. ಉಳಿದದ್ದು ಒಂದು ಶಬ್ದದಲ್ಲಿ ಮುಗಿಸಿ.”

ಅವರ ಹತ್ತಿರ ಮೇಣಗಪ್ಪಡದ ಹೊದಿಕೆಯ ಒಂದು ವಹಿ ಇತ್ತು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಅತ್ತಳು, ಗೋಳಾಡಿದಳು, ಬಾಯಿ ಬಡಿದುಕೊಂಡಳು, ಹುಯಿಲಿಟ್ಟಳು. ನಾಲ್ಕಕ್ಕೂ ಬಲಗಡೆ ಒಂದು ಉದ್ದ ಕಂಸ ಹಾಕಿ ಒಂದೇ ಶಬ್ದ ಬರೆದಿದ್ದರು: ಕ್ರೈ. ನನಗೆ ಒಳಗೊಳಗೇ ನಗು ಬಂತು. ಆದರೆ ಮೂರು ತಿಂಗಳಲ್ಲಿ ನಾನೂ ಹಾಗೇ ಬರೆಯುತ್ತಿದ್ದೆ. ದಿನಕ್ಕೆ ಮೂವತ್ತು ಹಾಳೆ ಬೀಳುವಲ್ಲಿ ಕಂಸ ಬಹಳ ಉಪಕಾರ ಮಾಡುತ್ತದೆ.

ಕ್ರೈ ನನ್ನನ್ನು ಮೊದಲು ಕೆಡವಿದ್ದು ಯಲ್ಲಾಪುರದ ಕ್ಯಾಂಪಿನಲ್ಲಿ. ಉಮ್ಮಚಗಿ ಕಡೆಯ ಒಂದು ಮರ ಕಡಿದ ಪ್ರಕರಣ. ಸಾಕ್ಷಿ, ‘ಕಡಿಯುವುದು ಕಂಡು ಈಚೆ ದಿಂಬದಿಂದ ಕೂ ಹಾಕಿದೆ’ ಎಂದಿದ್ದ. ಒಂದು ದಿಂಬದ, ಎಂದರೆ ಗುಡ್ಡದ, ಮೇಲಿನಿಂದ ಕಣಿವೆಯ ಆಚೆ ಇದ್ದವನಿಗೆ ಕೇಳುವಂತೆ ಎಳೆದು ಕೂಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ಕ್ರೈ ಎಂದು ಬರೆದು ಮುಗಿಸಿದ್ದೆ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು. ಅವರು ನನ್ನೊಡನೆ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

“ಮರ ಸರಕಾರದ್ದು. ಕಡಿದವನು ಪರಕೀಯ. ಈ ಮನುಷ್ಯ ನಡುವೆ ನಿಂತು ಯಾಕೆ ಅತ್ತ?”

ವಕೀಲರೆಲ್ಲ ನಕ್ಕರು, ನಾನೂ ನಕ್ಕೆ. ತಿದ್ದಿ ಕೊಟ್ಟೆ. ಶಬ್ದ ತಪ್ಪಿದರೆ ಶಬ್ದ ಬದಲಿಸಿದರಾಯಿತು ಎಂದು ಅಂದು ನನಗೆ ಗಟ್ಟಿಯಾಯಿತು. ಆ ಪಾಠವೇ ಮುಂದೆ ತೊಡಕಾಯಿತೋ ಏನೋ.

ಕಚೇರಿಯಲ್ಲಿ ಕೂಗುವುದನ್ನೇ ಉದ್ಯೋಗ ಮಾಡಿಕೊಂಡವನು ಪಟ್ಟೇವಾಲ ಬಸಪ್ಪ. ಎಕ್ಕಂಬಿಯಿಂದ ಎರಡು ಮೈಲಿ ಒಳಗಿನ ಹಳ್ಳಿಯವನು. ಜವಾನನ ಕೆಲಸದ ಜೊತೆಗೆ, ವಾದಿ ಪ್ರತಿವಾದಿಗಳ ಹೆಸರನ್ನು ಜಗುಲಿಯಲ್ಲಿ ನಿಂತು ಮೂರು ಸಲ ಕೂಗುವುದು ಅವನ ಪಾಲಿಗೆ. ಸಿದ್ದಾಪುರದಲ್ಲಿ ಒಮ್ಮೆ ಅವನು ಕೂಗಿದ ರಭಸಕ್ಕೆ, ಬಸ್ಸು ಹತ್ತಿ ಕೂತಿದ್ದ ಅದೇ ಹೆಸರಿನ ಬೇರೊಬ್ಬ ಮನುಷ್ಯ ಇಳಿದು ಓಡಿ ಬಂದು ಕಟಕಟೆಯಲ್ಲಿ ಕೈಮುಗಿದು ನಿಂತಿದ್ದ. ಅವನ ಮೇಲೆ ಯಾವ ಕೇಸೂ ಇರಲಿಲ್ಲ. “ಹೆಸರ ಕೇಳಿದ ಕೂಡಲೆ ಎದಿ ಝಲ್ ಅಂತ್ರಿ” ಎಂದ. ಬಸಪ್ಪ ಅವನಿಗೆ ಚಹಾ ಕುಡಿಸಿ ಮುಂದಿನ ಬಸ್ಸಿಗೆ ಹತ್ತಿಸಿದ.

ಗಂಗವ್ವನ ಪ್ರಕರಣ ಬಂದದ್ದು ನಾನು ಸೇರಿದ ಮೂರನೆಯ ವರ್ಷ. ಆಗಲೂ ನನ್ನ ಕೆಲಸ ಕಾಯಂ ಆಗಿರಲಿಲ್ಲ.

ಗಂಗವ್ವ ಬನವಾಸಿ ಕಡೆಯ ರೈತ ಮನೆತನದ ಹೆಂಗಸು. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಅದಾದ ವರ್ಷದೊಳಗೆ ಏಳು ವರ್ಷದ ಮಗ ಕೆರೆಗೆ ಬಿದ್ದು ಸತ್ತ. ಅವಳು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು, ಹುಡುಗ ಆಡುತ್ತ ಆಚೆ ಹೋಗಿದ್ದ. ಉಳಿದದ್ದು ಐದು ವರ್ಷದ ಮಗಳು ಪಾರಿ. ಅವಳನ್ನು ಕರೆದುಕೊಂಡು ಗಂಗವ್ವ ತವರಿಗೆ ಹೋದಳು. ಗಂಡನ ಅಣ್ಣ ರುದ್ರಪ್ಪ ಕೋರ್ಟಿಗೆ ಬಂದ. ಆಗಷ್ಟೇ ಬಂದಿದ್ದ ಹೊಸ ಕಾನೂನಿನ ಪ್ರಕಾರ ತಂದೆ ಇಲ್ಲದ ಮಗುವಿಗೆ ತಾಯಿಯೇ ಪಾಲಕಿ. ಆದರೆ ಆಕೆಯ ಕೈಯಲ್ಲಿ ಮಗುವಿಗೆ ಕ್ಷೇಮವಿಲ್ಲ ಎಂದು ತೋರಿದರೆ ಕೋರ್ಟು ಬೇರೆಯವರನ್ನು ನೇಮಿಸಬಹುದು. ಈಕೆಯ ಅಜಾಗ್ರತೆಯಿಂದ ಒಂದು ಮಗು ಹೋಯಿತು, ಇನ್ನೊಂದನ್ನಾದರೂ ನನಗೆ ಕೊಡಿ ಎಂಬುದು ರುದ್ರಪ್ಪನ ಅರ್ಜಿ. ಅವನು ದುಷ್ಟನಂತೆ ಕಾಣುತ್ತಿರಲಿಲ್ಲ. ತಮ್ಮನ ಮಗಳು ತಮ್ಮ ಮನೆಯಲ್ಲಿ ಬೆಳೆಯಬೇಕು ಎಂಬ ಹಟವಿತ್ತು, ಅಷ್ಟೇ.

ಅವನ ಕಡೆಯ ಸಾಕ್ಷಿ ಅವನ ಸೋದರತ್ತೆ ನೀಲವ್ವ. ಅರವತ್ತು ದಾಟಿದ ಮುದುಕಿ. ಹುಡುಗನ ಶವ ಮನೆಗೆ ತಂದಾಗ ಅಲ್ಲಿದ್ದಳು. ‘ಆಗ ಗಂಗವ್ವ ಏನು ಮಾಡಿದಳು’ ಎಂದು ವಕೀಲರು ಕೇಳಿದ್ದಕ್ಕೆ ಅವಳು ಹೇಳಿ, ಗುಮಾಸ್ತ ಬರೆದುಕೊಂಡದ್ದು ದಿನಚರಿಯಲ್ಲಿ ಹಾಗೇ ಇದೆ: “ಹೆಣದ ತಲಿಗಡೆ ಕುಂತು ಅತ್ಲು. ನಾನ ನಿನ್ನ ನೀರಿಗೆ ಹಾಕಿದೆ, ನಾನ ನಿನ್ನ ಕೊಂದೆ ಅಂತ ಅತ್ಲು.”

ಕನ್ನಡದಲ್ಲಿ ಈ ಸಾಲು ಅಂದು ಯಾರ ಕಿವಿಗೂ ಚುಚ್ಚಲಿಲ್ಲ. ಗಂಗವ್ವನ ವಕೀಲರು ಅಡ್ಡ ಪ್ರಶ್ನೆ ಕೇಳಲಿಲ್ಲ. ರುದ್ರಪ್ಪನ ವಕೀಲರೂ ಮುಂದಿನ ಪ್ರಶ್ನೆಗೆ ಹೋದರು. ನಾನು ಅದನ್ನು ಇಂಗ್ಲಿಷಿಗೆ ತಂದೆ. ಕ್ರೈ ಎಂದು ಹಾಕಿ, ಮುಂದೆ ಒಂದು ‘ಎಂದು’ ಕೂಡಿಸಿ, ಎರಡು ವಾಕ್ಯವನ್ನು ಒಂದು ಮಾಡಿದೆ: ಮಗುವನ್ನು ನೀರಿಗೆ ಹಾಕಿ ಕೊಂದದ್ದು ತಾನೇ ಎಂದು ಆಕೆ ಹೇಳಿ ಅತ್ತಳು. ಚೊಕ್ಕ ವಾಕ್ಯ. ಪೈಗಳು ಓದಿ, “ಈಗ ಕೈ ಕೂತಿತು ನೋಡಿ ನಿಮ್ದು” ಎಂದರು.

ವಾರದ ನಂತರ ವಾದ ನಡೆಯಿತು, ಇಂಗ್ಲಿಷಿನಲ್ಲಿ. ರುದ್ರಪ್ಪನ ವಕೀಲರು ನನ್ನ ಹಾಳೆಯ ನಕಲು ಕೈಯಲ್ಲಿ ಹಿಡಿದು ಎದ್ದರು. “ಇಲ್ಲಿ ಅಜಾಗ್ರತೆಯ ಮಾತೇ ಬೇಡ. ಶವದ ಮುಂದೆ, ಬಂಧುಗಳ ಎದುರಿಗೆ, ತಾಯಿ ತನ್ನ ಬಾಯಾರೆ ಒಪ್ಪಿಕೊಂಡಿದ್ದಾಳೆ” ಎಂದರು. ಗಂಗವ್ವನ ವಕೀಲರು ಹಾಳೆ ತಿರುವಿದರು, ಮತ್ತೆ ತಿರುವಿದರು. ದುಃಖದ ಹೊತ್ತಿನ ಮಾತು ಎಂದೇನೋ ಅಂದರು. ಅವರೂ ನನ್ನ ಹಾಗೆ ಶಿರಸಿಯ ಪಶ್ಚಿಮದವರು. ಇಬ್ಬರಿಗೂ ಬನವಾಸಿ ಕಡೆಯ ರೀತಿ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಸಾಹೇಬರು ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದದ್ದು ನನಗೆ ಕಂಡಿತು. ಮುಂದಿನ ಗುರುವಾರ ಆದೇಶ ಎಂದರು. ಗಂಗವ್ವ ಹಿಂದೆ ಬೆಂಚಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಯಾವ ಭಾಷೆಯೋ ಏನೋ ಎಂಬಂತೆ ಎಲ್ಲರ ಮುಖ ನೋಡುತ್ತಿದ್ದಳು.

ಅಂದು ಶುಕ್ರವಾರ. ನನಗೆ ಆಗಲೇ ಅನುಮಾನ ಬಂದಿತ್ತು ಎಂದು ಗೆಳೆಯರ ಮುಂದೆ ಹೇಳುತ್ತ ಬಂದಿದ್ದೇನೆ. ದಿನಚರಿಯಲ್ಲಿ ಅನುಮಾನದ ಸುಳಿವೇ ಇಲ್ಲ. ‘ನನ್ನ ತರ್ಜುಮೆ ವಾದದಲ್ಲಿ ಉದ್ಧೃತವಾಯಿತು’ ಎಂದು ಬರೆದಿದ್ದೇನೆ. ಅಕ್ಷರಗಳಲ್ಲಿ ಹೆಮ್ಮೆಯಿದೆ.

ಮರುದಿನ ಬಸಪ್ಪನ ತಂದೆ ತೀರಿಕೊಂಡರು. ಭಾನುವಾರ ಬೆಳಿಗ್ಗೆ ಮಣ್ಣು ಎಂದು ತಿಳಿದು ಎಕ್ಕಂಬಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದೆ. ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಅಂಗಳದಲ್ಲಿ ಗಂಡಸರು ಕೂತಿದ್ದರು. ಒಳಗೆ ಪಡಸಾಲೆಯಲ್ಲಿ ತೀರಿಕೊಂಡ ಹಿರಿಯರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿದ್ದರು. ಎದುರಿಗೆ ಹೆಂಗಸರು. ಬಸಪ್ಪನ ಅಕ್ಕ ಶಾಂತವ್ವ ತಲೆಗೆ ಸೆರಗು ಎಳೆದುಕೊಂಡು, ಮೈ ಹಿಂದೆ ಮುಂದೆ ತೂಗುತ್ತ, ಒಂದೇ ಧಾಟಿಯಲ್ಲಿ ಎಳೆದು ಎಳೆದು ಅಳುತ್ತಿದ್ದಳು.

“ಗಂಜಿ ಕಾಸಲಿಲ್ಲೋ ಯಪ್ಪಾ, ನಿನ್ನ ಉಪವಾಸ ಕೆಡವಿದೆನೋ. ಔಷಧ ಅಂತ ವಿಷ ಕುಡಿಸಿದೆನೋ, ನಾನ ನಿನ್ನ ಕೊಂದೆನೋ ಯಪ್ಪಾ.”

ಮುಂದಿನ ಹೆಂಗಸು ಅದರ ಕೊನೆಯನ್ನು ಹಿಡಿದು ತನ್ನದನ್ನು ಎತ್ತಿಕೊಂಡಳು. ಶಾಂತವ್ವ ಆ ಬಿಡುವಿನಲ್ಲಿ ಸೆರಗು ಸರಿಸಿ, ಬಾಗಿಲ ಕಡೆ ತಿರುಗಿ, ತೀರ ಸಾದಾ ದನಿಯಲ್ಲಿ, “ಆಕಳಿಗೆ ನೀರ ಇಟ್ಟೀರೇನು? ನಿನ್ನಿಯಿಂದ ಯಾರೂ ನೋಡಿಲ್ಲ ಅದನ್ನ” ಎಂದು ಕೇಳಿದಳು. ಇಟ್ಟೀವಿ ಎಂದು ಯಾರೋ ಅಂದರು. ಅವಳು ಮತ್ತೆ ಸೆರಗು ಎಳೆದುಕೊಂಡು, ವಿಷದಿಂದಲೇ ಶುರು ಮಾಡಿದಳು.

ಎಂಟು ತಿಂಗಳು ಹಾಸಿಗೆ ಹಿಡಿದಿದ್ದ ತಂದೆಯನ್ನು ಶಾಂತವ್ವ ಗಂಡನ ಮನೆ ಬಿಟ್ಟು ಬಂದು ನೋಡಿಕೊಂಡದ್ದನ್ನು ಬಸಪ್ಪ ಕಚೇರಿಯಲ್ಲಿ ದಿನವೂ ಹೇಳುತ್ತಿದ್ದ. ಸುತ್ತ ಕೂತ ಐವತ್ತು ಜನರಲ್ಲಿ ಒಬ್ಬರೂ ಆ ಮಾತಿಗೆ ತಲೆ ಎತ್ತಿ ನೋಡಲಿಲ್ಲ.

ಮಣ್ಣು ಮುಗಿದು ಕೈಕಾಲು ತೊಳೆದುಕೊಳ್ಳುವಾಗ ಬಸಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಬಸಪ್ಪ, ನಿನ್ನ ಅಕ್ಕ ವಿಷ ಹಾಕಿದೆ ಅಂತೆಲ್ಲ ಅಂದಳಲ್ಲ...”

“ಹೂಂ ರೀ.”

“ಯಾಕೆ ಹಾಗೆ?”

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಹಾಡ್ಯಾಡಿ ಅಳೂದಲ್ರೀ ಅದು. ಹತ್ತರದವರು ಎಲ್ಲಾ ತಮ್ಮ ಮ್ಯಾಲ ಹಾಕ್ಕೊಂಡ ಅಳ್ತಾರ. ನೀ ಮುದುಕ ಆಗಿದ್ದಿ, ಸತ್ತಿ ಅಂತ ಅಳಾಕ ಬರ್ತೈತೇನ್ರಿ? ನಿಮ್ಮ ಕಡೆ ಏನಂತ ಅಳ್ತಾರ?”

ನಮ್ಮ ಕಡೆ ಏನನ್ನೂ ಅನ್ನುವುದಿಲ್ಲ ಎಂದೆ. ಅವನಿಗೆ ಪಾಪ ಅನ್ನಿಸಿರಬೇಕು. ಆಮೇಲೆ, ಕಾಲಿಗೆ ನೀರು ಹಾಕಿಕೊಳ್ಳುತ್ತ, ನಿಧಾನವಾಗಿ ಕೇಳಿದ. “ಸರ, ಆ ನೀಲವ್ವ ಮುದುಕಿ ಅಂದಿದ್ದನ್ನ ನೀವು ಏನಂತ ಬರದ್ರಿ?”

ಅಂದೇ ನೇರವಾಗಿ ಸಾಹೇಬರ ಬಂಗಲೆಗೆ ಹೋಗಿ ಎಲ್ಲ ಹೇಳಿದೆ ಎಂಬುದು ನಾನು ಇಷ್ಟು ವರ್ಷ ಹೇಳುತ್ತ ಬಂದ ಕತೆ. ದಿನಚರಿ ಬೇರೆ ಹೇಳುತ್ತದೆ. ಸೋಮವಾರದ ಪುಟದಲ್ಲಿ ಎರಡೇ ಶಬ್ದ: ‘ಇಂದು ಹೇಳಲಿಲ್ಲ.’ ಯಾಕೆ ಹೇಳಲಿಲ್ಲ? ಕೆಲಸ ಕಾಯಂ ಆಗಿರಲಿಲ್ಲ. ಕೆಳಗೆ ಸಹಿ ನನ್ನದು. ಬೇರೆ ಕಾರಣ ಇದ್ದಿದ್ದರೆ ಬರೆದಿರುತ್ತಿದ್ದೆ.

ನನ್ನ ಜೊತೆ ಇದ್ದ ತಾಯಿ, ನಮ್ಮ ಆಯಿ, ಅಂದು ತಟ್ಟೆ ನೋಡಿ ಕೇಳಿದಳು. “ಎಂತ ಆತೋ ತಮಾ? ಬಡಿಸಿದ್ದು ಹಂಗೇ ಇದ್ದು.”

“ಯಂಗೆ ಹಸಿವಿಲ್ಲೆ ಆಯಿ.” ಆಮೇಲೆ ಕೇಳಿದೆ, ಅಜ್ಜ ಸತ್ತಾಗ ನೀನು ಏನೆಂದು ಅತ್ತೆ ಎಂದು.

“ಎಂತದೂ ಹೇಳಿದ್ನಿಲ್ಲೆ. ಸೆರಗು ಬಾಯಿಗೆ ಒತ್ಕ್ಯಂಡು ಅತ್ತಿದ್ದು” ಎಂದಳು. ತಟ್ಟೆ ಎತ್ತಿಕೊಳ್ಳುತ್ತ, “ಹೇಳಕ್ಕೆ ರಾಶಿ ಇತ್ತು” ಎಂದಳು.

ಮಂಗಳವಾರ ಪೈಗಳಿಗೆ ಹೇಳಿದೆ. ಅವರು ನಶ್ಯದ ಡಬ್ಬಿ ಮುಚ್ಚಿದರು.

“ಸಹಿ ಬಿದ್ದ ತರ್ಜುಮೆ ಅದು. ಈಗ ತಪ್ಪು ಅಂದ್ರೆ ಇಷ್ಟು ದಿನ ಮಾಡಿದ್ದೆಲ್ಲ ತಪ್ಪು ಅಂತಾರೆ. ನಿಮ್ಮದೂ ಹೋಗ್ತದೆ, ನನ್ನ ವಹಿಯೂ ಹೋಗ್ತದೆ.” ಆಮೇಲೆ, ಅವರು ಕೆಟ್ಟವರಲ್ಲ, ಒಂದು ದಾರಿಯನ್ನೂ ಹುಡುಕಿದರು. “ಅಳುವುದಕ್ಕೆ ಇನ್ನೊಂದು ಶಬ್ದ ಉಂಟಲ್ಲ, ಕಣ್ಣೀರಿನದ್ದು. ಕ್ರೈ ತೆಗೆದು ವೀಪ್ ಹಾಕಿ ಬೇರೆ ಹಾಳೆ ಕೊಡಿ. ಟೈಪಿನ ತಪ್ಪು ಅಂತ ನಾನು ಹೇಳ್ತೇನೆ.”

ನನಗೆ ಆಸೆಯಾಯಿತು. ಉಮ್ಮಚಗಿಯ ಕೂಗನ್ನು ಹಾಗೇ ಸರಿಮಾಡಿದ್ದೆನಲ್ಲ. ಹೊಸ ಹಾಳೆ ಏರಿಸಿ ಟೈಪು ಮಾಡಿದೆ. ಶಬ್ದಕೋಶದಲ್ಲಿದ್ದ ಅಳುವಿನ ಶಬ್ದಗಳನ್ನೆಲ್ಲ ಒಂದೊಂದಾಗಿ ಹಾಕಿ ಓದಿದೆ. ಕಣ್ಣೀರು ಹಾಕಿ, ಬಿಕ್ಕಿ, ಗೋಳಾಡಿ, ಹೇಗೆ ಅತ್ತರೂ ಗಂಗವ್ವ ಮಗನನ್ನು ಕೊಂದದ್ದು ಕೊಂದದ್ದೇ ಆಗಿ ಉಳಿಯಿತು. ತಪ್ಪು ಶಬ್ದದಲ್ಲಿ ಇರಲಿಲ್ಲ. ಎಕ್ಕಂಬಿಯ ಆ ಪಡಸಾಲೆ ಆ ಹಾಳೆಯಲ್ಲಿ ಇರಲಿಲ್ಲ. ಅದನ್ನು ತರುವುದಕ್ಕೆ ನಾನೇ ಬಾಯಿ ಬಿಡಬೇಕಿತ್ತು.

ಬುಧವಾರ ಹನ್ನೊಂದು ಗಂಟೆಗೆ ಸಾಹೇಬರ ಕೋಣೆಗೆ ಹೋದೆ. ಅವರು ಬರೆಯುತ್ತಿದ್ದರು. ನಿಂತೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

“ಅತ್ತು ಹೇಳಿದರೇನು, ಅಳದೆ ಹೇಳಿದರೇನು? ಹೇಳಿದ್ದು ಹೌದಲ್ಲವೇ?”

“ಅದು ಹೇಳಿದ್ದಲ್ಲ ಸಾಹೇಬರೆ. ಆ ಕಡೆಯ ಜನ ಅಳುವ ರೀತಿಯೇ ಹಾಗೆ.”

“ನಿಮಗೆ ಹೇಗೆ ಗೊತ್ತು?”

“ಪಟ್ಟೇವಾಲನ ಮನೆಯಲ್ಲಿ ಭಾನುವಾರ ಅವನ ಅಕ್ಕ ಅಳುವುದನ್ನು ಕೇಳಿದೆ.”

“ಇಂದು ಬುಧವಾರ” ಎಂದರು. ಆಮೇಲೆ ಮುಂದುವರಿಸಿದರು. “ಪಟ್ಟೇವಾಲನ ಅಕ್ಕ ಈ ಮೊಕದ್ದಮೆಯ ಸಾಕ್ಷಿಯಲ್ಲ. ನೀವೂ ಅಲ್ಲ. ಆ ಮುದುಕಿ ಸಾಕ್ಷಿ. ಅವಳನ್ನು ಮತ್ತೆ ಕರೆಸೋಣ.” ಬರೆಯುತ್ತಿದ್ದ ಹಾಳೆಗಳನ್ನು ಮಡಚಿ ಖಾನೆಯೊಳಗೆ ಹಾಕಿದರು. ಅವುಗಳಲ್ಲಿ ಏನಿತ್ತು ಎಂದು ನಾನು ಎಂದೂ ಕೇಳಲಿಲ್ಲ.

ಮುಂದಿನ ಸೋಮವಾರ ಬಸಪ್ಪ ಜಗುಲಿಯಲ್ಲಿ ನಿಂತು ನೀಲವ್ವನ ಹೆಸರನ್ನು ಮೂರು ಸಲ ಕೂಗಿದ. ಮುದುಕಿ ಅವನ ಪಕ್ಕದಲ್ಲೇ ನಿಂತಿದ್ದಳು. “ಕಿವಿ ಹರೀತೋ ಯಪ್ಪಾ, ಇಲ್ಲೇ ಅದೀನಿ” ಎಂದು ಬೈಯುತ್ತ ಒಳಗೆ ಬಂದಳು.

ಸಾಹೇಬರು ನನ್ನ ಮೂಲಕ ಕೇಳಿದರು. ಅಂದು ಗಂಗವ್ವ ಅತ್ತದ್ದು ಹೇಗೆ, ಇದ್ದ ಹಾಗೆ ಹೇಳಿ.

“ಅಳೂದನ್ನ ಹೇಳಾಕ ಬರೂದಿಲ್ರಿ. ಅಳಬೇಕಾಕ್ಕೈತಿ” ಎಂದಳು ನೀಲವ್ವ.

“ಹಾಗಾದರೆ ಅಳಿ.”

“ಇಲ್ಲೇನ್ರಿ? ಅದು ಚಲೋ ಅಲ್ರಿ ಕೋರ್ಟಿಗೆ. ಮತ್ತ ಆ ಕೂಸಿನ ಹೆಸರ ತಗದು ನಾ ಅಳೂದಿಲ್ಲ, ಅದರ ತಾಯಿ ಇಲ್ಲೇ ಕುಂತಾಳ.”

ಸಾಹೇಬರು ಕಾಯುತ್ತಿದ್ದರು. ಮುದುಕಿ ಯೋಚಿಸಿದಳು. ತನ್ನ ಗಂಡನ ಹೆಸರಿನಲ್ಲಾದರೆ ಅಳಬಹುದು, ಅವನು ಸತ್ತು ಇಪ್ಪತ್ತು ವರ್ಷವಾಯಿತು, ಆದರೆ ನಿಂತು ಅಳಲು ಬರುವುದಿಲ್ಲ ಎಂದಳು. ಕಟಕಟೆಯಿಂದ ಇಳಿದು, ನನ್ನ ಮೇಜಿನ ಮುಂದೆ ನೆಲದ ಮೇಲೆ ಕೂತು, ಸೆರಗು ಎಳೆದುಕೊಂಡಳು.

“ಗುಡ್ಡದಂಥಾ ನನ ದೊರಿಯೇ, ನಾನ ನಿನ್ನ ಕೊಂದೆನೋ. ಹಸದು ಬಂದಾಗ ಅನ್ನ ನೀಡಲಿಲ್ಲೋ, ನೀರಡಿಸಿ ಬಂದಾಗ ನೀರ ಕೊಡಲಿಲ್ಲೋ. ಕೈಯಾರೆ ಒಯ್ದು ಮಣ್ಣಾಗ ಇಟ್ಟೆನೋ...”

ತೋರಿಸುವುದಕ್ಕೆ ಎಂದು ಶುರು ಮಾಡಿದ್ದು, ಎರಡನೆಯ ಸುತ್ತಿಗೆ ನಿಜವೇ ಆಯಿತು. ಹಿಂದಿನ ಬೆಂಚಿನಲ್ಲಿದ್ದ ಹೆಂಗಸರು ಮೂಗು ಒರೆಸಿಕೊಂಡರು. ರುದ್ರಪ್ಪನ ವಕೀಲರು ಎದ್ದು ನಿಂತು, ಏನು ಆಕ್ಷೇಪಿಸಬೇಕೆಂದು ತಿಳಿಯದೆ ಮತ್ತೆ ಕೂತರು. ಮುದುಕಿ ತಾನಾಗಿಯೇ ನಿಲ್ಲಿಸಿ, ಕಣ್ಣೊರೆಸಿಕೊಂಡು, “ಸಾಕೇನ್ರಿ?” ಎಂದಳು.

“ನಿಮ್ಮ ಗಂಡ ಹೇಗೆ ಸತ್ತರು?” ಸಾಹೇಬರು ಈ ಸಲ ತಾವೇ ಕನ್ನಡದಲ್ಲಿ ಕೇಳಿದರು.

“ಹಾಂವ ಕಡದು ರೀ.”

“ಮತ್ತೆ ನೀವು ಕೊಂದೆ ಅಂದಿರಲ್ಲ?”

“ಅನ್ನಬೇಕಲ್ರಿ. ಹಾಂವಿಗೆ ಬೈಕೋಂತ ಕುಂತ್ರ ಅದು ಅಳೂದಾಕ್ಕೈತೇನ್ರಿ?”

ಹುಡುಗ ಸತ್ತಾಗ ಅಲ್ಲಿ ಬೇರೆ ಯಾರು ಅತ್ತರು ಎಂದು ಕೇಳಿದರು. ಎಲ್ಲರೂ ಅತ್ತೆವು, ತಾನೂ ಅತ್ತೆ, ನಾನೇ ನೀರಿಗೆ ಹಾಕಿದೆ ಎಂದೇ ಅತ್ತೆ ಎಂದಳು. ಆಮೇಲೆ ರುದ್ರಪ್ಪನ ಕಡೆ ಕೈ ತೋರಿಸಿದಳು. “ಗಂಡಸ್ರಿಗೆ ಹಾಡ್ಯಾಡಿ ಅಳಾಕ ಬರೂದಿಲ್ಲ. ಆದ್ರೂ ಇವನೂ ಕಂಬಕ್ಕ ತಲಿ ಬಡಕೊಂಡ. ಆವತ್ತ ನಾ ಹೊಲಕ್ಕ ಹುಡುಗನ್ನ ಕರಕೊಂಡ ಹೋಗಿದ್ರ ಉಳೀತಿದ್ದ, ನಾನ ಕೊಂದೆ ಅಂದ. ಅಂದಿಲ್ಲೇನೋ ರುದ್ರಾ?”

ರುದ್ರಪ್ಪ ತಲೆ ತಗ್ಗಿಸಿದ. “ಅಂದೆ ಅತ್ತಿ” ಎಂದ.

ಸಾಹೇಬರು ಕೆಂಪು ಪೆನ್ಸಿಲು ಎತ್ತಿಕೊಂಡು, ನನ್ನ ಹಾಳೆಯನ್ನು ನೋಡಿ, ಇಂಗ್ಲಿಷಿನಲ್ಲಿ ಹೇಳಿದರು. “ದಾಖಲೆಯ ಪ್ರಕಾರ ಈ ಮಗುವನ್ನು ಕೊಂದವರು ಈಗ ಮೂರು ಜನ. ಅರ್ಜಿದಾರರೂ ಅವರಲ್ಲಿ ಒಬ್ಬರು.” ಯಾರೂ ನಗಲಿಲ್ಲ.

ನೀಲವ್ವನಿಗೆ ಇಷ್ಟೆಲ್ಲ ಯಾಕೆ ಎಂದು ತಿಳಿದಿರಲಿಲ್ಲ. ಹೆಬ್ಬೆಟ್ಟು ಒತ್ತಲು ಬಂದಾಗ ನನ್ನನ್ನು ಕೇಳಿದಳು, ನಾನು ಹೇಳಿದೆ. ಅವಳು ಮಸಿ ಬಳಿದ ಬೆರಳನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು.

“ಅದನ್ನ ಬರಕೊಂಡ್ರೇನು? ಅಳೂದನ್ನ ಯಾರರ ಬರಕೋತಾರೇನ್ರೀ?”

ಅವಳ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದೆ.

ಆದೇಶ ಎರಡು ದಿನದ ಮೇಲೆ ಬಂತು. ಮಗು ತಾಯಿಯ ಹತ್ತಿರವೇ ಇರಬೇಕು, ದೊಡ್ಡಪ್ಪ ಬೇಕಾದಾಗ ಬಂದು ನೋಡಬಹುದು. ಅದಕ್ಕೂ ಮೊದಲೇ ರುದ್ರಪ್ಪ ಅರ್ಜಿ ಹಿಂದೆ ತೆಗೆದುಕೊಳ್ಳುವೆ ಎಂದು ವಕೀಲರ ಹತ್ತಿರ ಹೇಳಿದ್ದನಂತೆ. ಇದು ಬಸಪ್ಪ ಹೇಳಿದ್ದು, ಕಾಗದದಲ್ಲಿಲ್ಲ.

ಸಾಹೇಬರು ನನಗೆ ಶಿಕ್ಷೆ ಕೊಡಲಿಲ್ಲ. ತರ್ಜುಮೆಯ ಹಾಳೆಯಲ್ಲಿ ಅಗಲ ಅಂಚು ಬಿಟ್ಟು, ಸಂಶಯ ಬಂದ ಕಡೆ ಸಾಕ್ಷಿಯ ಮೂಲ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆಯಬೇಕು ಎಂದು ಆಜ್ಞೆ ಮಾಡಿದರು. ಪೈಗಳು ಗೊಣಗಿದರು. ಒಂದು ದಿನ ಅವರ ವಹಿ ತೆರೆದಾಗ, ನಾಲ್ಕು ಅಳುಗಳ ಪಕ್ಕದ ಉದ್ದ ಕಂಸದ ಮೇಲೆ ಗೆರೆ ಎಳೆದು, ‘ಹೆಗಡೆಯವರನ್ನು ಕೇಳುವುದು’ ಎಂದು ಬರೆದಿದ್ದರು. ನಾನು ಬಸಪ್ಪನನ್ನು ಕೇಳುತ್ತಿದ್ದೆ. ಆ ಹಿಂದಿನ ಮೂರು ವರ್ಷದ ನನ್ನ ಹಾಳೆಗಳನ್ನು ಬಿಡುವಾದಾಗ ತೆಗೆದು ಓದಿದೆ. ಅಂಥ ಸಾಲು ಇನ್ನೆರಡು ಸಿಕ್ಕವು. ಎರಡೂ ಪ್ರಕರಣ ಬೇರೆ ಕಾರಣಕ್ಕೆ ತೀರ್ಮಾನವಾಗಿದ್ದವು. ನೋಡಿ ಉಸಿರು ಬಿಟ್ಟೆ. ಸಿಗದೆ ಉಳಿದವು ಇದ್ದರೆ ನನಗೆ ತಿಳಿಯದು.

ಆ ತರುಣರಿಗೆ ಇದನ್ನು ಕಳಿಸುತ್ತೇನೆ. ಶಬ್ದಕೋಶವನ್ನೂ ಕೊಳ್ಳಲಿ. ಸಾಕ್ಷಿ ಯಾವ ಊರಿನವನು, ಅಲ್ಲಿ ಸಾವಾದರೆ ಜನ ಏನು ಮಾಡುತ್ತಾರೆ ಎಂದು ಪಟ್ಟೇವಾಲರನ್ನೂ ಕೇಳಲಿ.

ಆದೇಶದ ದಿನದ ಒಂದು ಚಿತ್ರ ನನ್ನಲ್ಲಿದೆ. ಗಂಗವ್ವ ಮಗಳ ಕೈಹಿಡಿದು ಕಚೇರಿಯ ಮೆಟ್ಟಿಲಿಳಿಯುತ್ತಿದ್ದಾಳೆ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಕೊನೆಯ ಮೆಟ್ಟಿಲಲ್ಲಿ ಪಾರಿ ಕೈ ಬಿಡಿಸಿಕೊಂಡು ಜಿಗಿದು, ಮುಗ್ಗರಿಸಿ ಬಿದ್ದು, ಗಟ್ಟಿಯಾಗಿ ಅಳುತ್ತಾಳೆ. ತಾಯಿ ಓಡಿ ಎತ್ತಿಕೊಂಡು, ಮೊಣಕಾಲಿನ ಮಣ್ಣು ಒರೆಸುತ್ತ, “ನಾನ ಕೆಡವಿದೆ ನನ ಬಂಗಾರಾ, ನಾನ ಕೆಡವಿದೆ, ಸುಮ್ಮನಾಗು” ಎನ್ನುತ್ತಾಳೆ. ಬಾಗಿಲಲ್ಲಿ ನಿಂತ ಬಸಪ್ಪ ನನ್ನ ಕಡೆ ನೋಡುತ್ತಾನೆ.

ಇದು ನಡೆದದ್ದೋ, ಹೇಳುತ್ತ ಹೇಳುತ್ತ ನಾನೇ ಕೂಡಿಸಿಕೊಂಡದ್ದೋ, ಪ್ರಮಾಣ ಮಾಡಿ ಹೇಳಲಾರೆ. ದಿನಚರಿಯಲ್ಲಿ ಅದಿಲ್ಲ. ಅಂದಿನ ಪುಟದಲ್ಲಿರುವುದು ಎರಡು ಸಾಲು: ‘ಮಗು ತಾಯಿಯ ಜೊತೆ ಹೋಯಿತು. ಇಂದು ಎರಡು ಸಲ ಬಡಿಸಿಕೊಂಡು ಉಂಡೆ.’